ಮುತ್ಯಾನ ಹಾಡು ಮತ್ತು 29 ನಿಮಿಷ 59 ಸೆಕೆಂಡ್

ಭಾಗ 1/5

ಮೊದಲು ನನ್ನ ತಪ್ಪು ಹೇಳಿಬಿಡ್ತೀನಿ. ಹೋದ ವರ್ಷ ಕಮಲಾಪುರದಾಗ ಅಮಾವಾಸ್ಯೆ ಭಜನಿ ಇತ್ತು. ನಮ್ಮ ಮುತ್ಯಾ ಏಕತಾರಿ ಹಿಡಿದು ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡ್ತಾನ. ವಯಸ್ಸು 78. ಈಗ ಉಸಿರು ಮೊದಲಿನಂಗ ನಿಲ್ಲಂಗಿಲ್ಲ. ಅದಕ್ಕೇ ಈ ಸಲ ಪೂರಾ ರೆಕಾರ್ಡ್ ಮಾಡಬೇಕು ಅಂತ ಗೆಳೆಯನ ಡಿಎಸ್‌ಎಲ್‌ಆರ್ ಕ್ಯಾಮೆರಾ ಇಸ್ಕೊಂಡು ಹೋದೆ. ಸ್ಟ್ಯಾಂಡಿಗೆ ಹಾಕಿದೆ, ಬಟನ್ ಒತ್ತಿದೆ, ಚಹಾ ಕುಡಿಲಿಕ್ಕೆ ಹೊರಗ ಹೋದೆ.

ವಾಪಸ್ ಬಂದು ನೋಡಿದ್ರ ಕ್ಯಾಮೆರಾ ತಾನೇ ನಿಂತುಬಿಟ್ಟಿತ್ತು. ಬ್ಯಾಟರಿ ಇತ್ತು, ಕಾರ್ಡಿನಾಗ ಜಾಗಾನೂ ಇತ್ತು. ಫೈಲಿನ ಉದ್ದ ಮಾತ್ರ 29:59. ಒಂದು ಪದದ ನಟ್ಟನಡುವೆ ಕಟ್. ಆಮೇಲೆ ಮುತ್ಯಾ ಹಾಡಿದ ಚಲೋ ಪದ ಒಂದೂ ಸಿಗಲಿಲ್ಲ. ಮರುದಿನ ವಿಡಿಯೋ ತೋರಿಸಿದೆ. ಅವ ಕೇಳಿದ್ದು ಒಂದೇ ಮಾತು: "ಯಾಕೋ, ಯಂತ್ರಕ್ಕ ನಿದ್ದಿ ಬಂದಿತ್ತೇನು?"

ಆ 29:59 ಎಲ್ಲಿಂದ ಬಂತು ಅಂತ ಹುಡುಕ್ತಾ ಹೋದೆ. ಅದರ ಬೇರು ನೂರು ವರ್ಷ ಹಿಂದಕ್ಕೆ ಹೋಗ್ತದ. ಕಡಿಮೆ ರೊಕ್ಕದಾಗ ಕಛೇರಿ, ಭಜನಿ, ಕಾಲೇಜ್ ಫೆಸ್ಟ್ ಶೂಟ್ ಮಾಡೋ ಕ್ಯಾಮೆರಾ ನೋಡ್ತಿರೋರು ಈ ಸರಣಿ ಪೂರಾ ಓದ್ರಿ.

ಭಾಗ 2/5

1902ರ ನವೆಂಬರ್. ಕಲ್ಕತ್ತಾದ ಒಂದು ಹೋಟೆಲ್ ರೂಮು. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಮುಂದೆ ಗೌಹರ್ ಜಾನ್ ಹಾಡಲು ಕೂತಿದ್ದಾರೆ. ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ ಅಷ್ಟೇ. ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಅವರು ಆ ಮೂರು ನಿಮಿಷಕ್ಕೆ ಇಳಿಸಿದರು. ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನೂ ಕೂಗಿ ಹೇಳಿದರು. ಇದೇ ಗೌಹರ್ ಜಾನ್ ಕೊನೆಗಾಲದಲ್ಲಿ ನಮ್ಮ ಮೈಸೂರು ಅರಮನೆಯ ಆಸ್ಥಾನಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಇಲ್ಲಿ ಗಮನಿಸಿ: ಯಂತ್ರ ಹಾಡಿಗೆ ತಕ್ಕಂಗ ಬದಲಾಗಲಿಲ್ಲ, ಹಾಡು ಯಂತ್ರಕ್ಕ ತಕ್ಕಂಗ ಬದಲಾಯ್ತು. 1948ರಲ್ಲಿ ಎಲ್‌ಪಿ ತಟ್ಟೆ ಬಂದಾಗ ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷ ದಾಟಿತು. 1963ರಲ್ಲಿ ಫಿಲಿಪ್ಸ್ ಕಂಪನಿ ಕ್ಯಾಸೆಟ್ ತಂದಿತು. ಸಿ-90 ಕ್ಯಾಸೆಟ್ಟಿನಲ್ಲಿ ಒಂದು ಬದಿಗೆ 45 ನಿಮಿಷ. ಅಂದ್ರೂ ಹೊರಳಿಸಿ ಹಾಕೋಕೆ ಒಬ್ಬ ಮನುಷ್ಯ ಪಕ್ಕದಾಗ ಕೂತಿರಬೇಕಿತ್ತು.

ಭಾಗ 3/5

ಈಗ ಚಿತ್ರದ ಕಥೆ. ಕರ್ನಾಟಕದಾಗ ಮೊದಲು ಟಿವಿ ನೋಡಿದವರು ಬೆಂಗಳೂರಿನವರು ಅಂತ ತಿಳಿದಿದ್ದೀರೇನು? ಅಲ್ಲ ಬಿಡ್ರಿ. 1975ರ ಆಗಸ್ಟ್‌ನಿಂದ ಒಂದು ವರ್ಷ 'ಸೈಟ್' ಅನ್ನೋ ಪ್ರಯೋಗ ನಡೀತು. ನಾಸಾದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗೆ ಟಿವಿ ಕಾರ್ಯಕ್ರಮ ಬಂತು. ನಮ್ಮ ರಾಜ್ಯದಾಗ ಆರಿಸಿದ್ದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆ. 1977ರಲ್ಲಿ ನಮ್ಮ ಊರಿಗೇ ಟಿವಿ ಕೇಂದ್ರ ಬಂತು. ಬೆಂಗಳೂರು ದೂರದರ್ಶನ ಶುರುವಾಗಿದ್ದು 1981ರಲ್ಲಿ.

ಆದ್ರ ಕ್ಯಾಮೆರಾ ಇದ್ದದ್ದು ಸರ್ಕಾರದ ಕೈಯಾಗ. ನಾವು ನೋಡೋರು, ಅವರು ತೆಗೆಯೋರು. ಇದು ಬದಲಾಗಿದ್ದು 1983ರಲ್ಲಿ. ಸೋನಿ 'ಬೀಟಾಮೂವಿ' ತಂದಿತು. ಕ್ಯಾಮೆರಾ, ರೆಕಾರ್ಡರ್ ಎರಡೂ ಒಂದೇ ಡಬ್ಬಿಯಾಗ. ಭುಜದ ಮೇಲೆ ಹೊರಬೇಕು, ತೆಗೆದಿದ್ದನ್ನು ಅದರಾಗೇ ನೋಡಲಿಕ್ಕೂ ಬರ್ತಿರಲಿಲ್ಲ. ಮರುವರ್ಷ ಜೆವಿಸಿ ಸಣ್ಣ ಕ್ಯಾಸೆಟ್ಟಿನ ಜಿಆರ್-ಸಿ1 ತಂದಿತು. 'ಬ್ಯಾಕ್ ಟು ದ ಫ್ಯೂಚರ್' ಸಿನಿಮಾದಾಗ ನೀವು ನೋಡಿದ ಕೆಂಪು ಕ್ಯಾಮೆರಾ ಅದೇ. ಕೈಗೆ ಹಗುರಾಯ್ತು, ಆದ್ರ ಟೇಪ್ 20-30 ನಿಮಿಷಕ್ಕೇ ಮುಗೀತಿತ್ತು. ಮತ್ತೆ ಅದೇ ಕಥೆ! 1995ರಲ್ಲಿ ಬಂದ ಮಿನಿಡಿವಿ ಟೇಪು ಇದನ್ನು ಒಂದು ಗಂಟೆಗೆ ಒಯ್ದಿತು. ಆಮೇಲೆ ಮೆಮೊರಿ ಕಾರ್ಡ್ ಬಂತು, ಟೇಪಿನ ಗೋಳೇ ಹೋಯ್ತು.

ಹಂಗಾದ್ರ ನನ್ನ ಕೈಯಾಗಿನ ಕ್ಯಾಮೆರಾ ಯಾಕ ನಿಂತಿತು?

ಭಾಗ 4/5

ಬಿಕಾಂ ಗೆಳೆಯರೇ, ಉತ್ತರ ನಮ್ಮ ಸಬ್ಜೆಕ್ಟಿನಾಗೇ ಅದ: ಸುಂಕ! 30 ನಿಮಿಷ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಬಿಡದೆ ರೆಕಾರ್ಡ್ ಮಾಡುವ ಫೋಟೋ ಕ್ಯಾಮೆರಾವನ್ನು ಯುರೋಪಿನಲ್ಲಿ 'ವಿಡಿಯೋ ಕ್ಯಾಮೆರಾ' ಅಂತ ಲೆಕ್ಕ ಹಿಡಿದು ಹೆಚ್ಚು ಆಮದು ಸುಂಕ ಹಾಕುತ್ತಿದ್ದರು. ಕಂಪನಿಗಳು ಒಂದು ಸೆಕೆಂಡ್ ಕಡಿಮೆ ಮಾಡಿ ಸುಂಕ ಉಳಿಸಿಕೊಂಡವು. ಅದೇ ಲೆಕ್ಕ ನಮ್ಮ ಕಡೆ ಬಂದ ಕ್ಯಾಮೆರಾದಾಗೂ ಕೂತಿತ್ತು. ಅಲ್ಲಿನ ಸುಂಕದ ಪುಸ್ತಕ ಕಮಲಾಪುರದ ಗುಡಿಯಾಗ ಮುತ್ಯಾನ ಹಾಡು ಕತ್ತರಿಸಿತು. ಈಗಿನ ಬಹಳಷ್ಟು ಹೊಸ ಮಾಡೆಲ್‌ಗಳಲ್ಲಿ ಈ ಮಿತಿ ಇಲ್ಲ, ಆದ್ರ ನಾವು ಕೊಳ್ಳೋ ಹಳೇ ಸೆಕೆಂಡ್ ಹ್ಯಾಂಡ್ ಕ್ಯಾಮೆರಾದಾಗ ಇರ್ತದ. ಕೇಳಿ ತಗೊಳ್ರಿ.

ನಮ್ಮ ದೇಶದ ತೆರಿಗೆಯೂ ನೋಡ್ರಿ. 2017ರಲ್ಲಿ ಜಿಎಸ್‌ಟಿ ಬಂದಾಗ ಡಿಜಿಟಲ್ ಕ್ಯಾಮೆರಾ, ವಿಡಿಯೋ ಕ್ಯಾಮೆರಾಕ್ಕ 28 ಪರ್ಸೆಂಟ್ ಇತ್ತು. 2019ರ ಜನವರಿ 1ರಿಂದ 18 ಆಯ್ತು. 10,000 ರೂಪಾಯಿ ಮೂಲ ಬೆಲೆಯ ಕ್ಯಾಮೆರಾ 12,800ರಿಂದ 11,800ಕ್ಕೆ ಇಳಿದಂಗ. ಉಳಿದ ಸಾವಿರದಾಗ ಒಂದು ಕಾರ್ಡ್ ಬರ್ತದ.

ಭಾಗ 5/5

ನನ್ನ ಬಜೆಟ್ 15,000. ಟ್ಯೂಷನ್ ಹೇಳಿ ಕೂಡಿಸಿದ ರೊಕ್ಕ. ಸ್ಟೇಶನ್ ಬಜಾರದ ಮನೆಯಾಗ ಕೂತು ಒಂದು ತಿಂಗಳು ನೋಡಿದ ಮ್ಯಾಲೆ ನನಗೆ ತಿಳಿದಿದ್ದು ಇಷ್ಟು.

ಒಂದು, ಹೊತ್ತು. ಹ್ಯಾಂಡಿಕ್ಯಾಮ್ ಜಾತಿಯ ಕ್ಯಾಮೆರಾ ಕಾರ್ಡ್ ತುಂಬೋವರೆಗೂ ನಡೀತದ. ಸೆಕೆಂಡಿಗೆ 17 ಮೆಗಾಬಿಟ್ ಅಂದ್ರ ಗಂಟೆಗೆ ಸುಮಾರು 7.6 ಜಿಬಿ. 32 ಜಿಬಿ ಕಾರ್ಡಿನಾಗ ನಾಲ್ಕು ಗಂಟೆ. ಚಾರ್ಜರ್ ಸಿಗಿಸಿಟ್ಟು ರೆಕಾರ್ಡ್ ಮಾಡಲಿಕ್ಕೆ ಬರ್ತದಾ ಅಂತಾನೂ ಕೇಳ್ರಿ.

ಎರಡು, ಧ್ವನಿ. ದಮ್ಮಡಿ ಜೋರಾದ ಕೂಡಲೇ ಆಟೋ ಸೌಂಡ್ ಇರೋ ಕ್ಯಾಮೆರಾ ಎಲ್ಲಾ ಶಬ್ದ ತಗ್ಗಿಸ್ತದ, ಹಾಡೋರ ದನಿ ಮುಳುಗ್ತದ. ಮೈಕ್ ಸಿಗಿಸೋ ತೂತು, ಧ್ವನಿ ಕೈಯಿಂದ ಹೆಚ್ಚು-ಕಡಿಮೆ ಮಾಡೋ ಸೌಲಭ್ಯ, ಎರಡೂ ಅವನಾ ನೋಡ್ರಿ. ಜನ ಭಾಳ ಕೊಂಡ ಸೋನಿ ಸಿಎಕ್ಸ್405ಕ್ಕ 30 ಪಟ್ಟು ಆಪ್ಟಿಕಲ್ ಝೂಮ್ ಅದ, ಮೈಕ್ ತೂತು ಇಲ್ಲ. ಅಂಥದ್ದು ಸಿಕ್ಕರೆ ಹಾಡೋರ ಹತ್ರ ಒಂದು ಫೋನಿನಾಗ ಬರೀ ಧ್ವನಿ ರೆಕಾರ್ಡ್ ಹಾಕಿ, ಶುರುವಿಗೆ ಒಮ್ಮೆ ಚಪ್ಪಾಳೆ ತಟ್ಟಿ. ಎಡಿಟ್ ಮಾಡುವಾಗ ಆ ಚಪ್ಪಾಳೆಗೆ ಎರಡನ್ನೂ ಕೂಡಿಸಬಹುದು.

ಮೂರು, ಝೂಮ್. ಎಸ್.ಎಂ. ಪಂಡಿತ್ ರಂಗಮಂದಿರದ ಹಿಂದಿನ ಸಾಲಿನಿಂದ ಫೋನ್ ಝೂಮ್ ಮಾಡಿದ್ರ ಹಾಡೋರ ಮುಖ ಮೇಣದಂಗ ಕಾಣ್ತದ. ಆಪ್ಟಿಕಲ್ ಝೂಮ್ ಎಷ್ಟು ಅಂತ ಕೇಳ್ರಿ, ಡಿಜಿಟಲ್ ಝೂಮಿನ ಲೆಕ್ಕ ಬಿಡ್ರಿ. ಮೂರು-ನಾಲ್ಕು ಸಾವಿರಕ್ಕೆ '4ಕೆ, 48 ಮೆಗಾಪಿಕ್ಸೆಲ್' ಅಂತ ಆನ್‌ಲೈನಿನಾಗ ಬರೋ ಹೆಸರಿಲ್ಲದ ಕ್ಯಾಮೆರಾದಾಗ ಹೆಚ್ಚಾಗಿ ಇರೋದು ಡಿಜಿಟಲ್ ಝೂಮೇ.

ನಾಲ್ಕು, ಟೇಪಿನ ಹಳೇ ಕ್ಯಾಮೆರಾ ಸೋವಿ ಅಂತ ಮರುಳಾಗಬ್ಯಾಡ್ರಿ. ಮಿನಿಡಿವಿ ಟೇಪನ್ನು ಕಂಪ್ಯೂಟರಿಗೆ ಇಳಿಸೋಕೆ ಫೈರ್‌ವೈರ್ ಪೋರ್ಟ್ ಬೇಕು, ಈಗಿನ ಲ್ಯಾಪ್‌ಟಾಪಿನಾಗ ಅದಿಲ್ಲ.

ಹ್ಯಾಂಡಿಕ್ಯಾಮಿನ ಕೊರತೆಯೂ ಹೇಳ್ತೀನಿ: ಸೆನ್ಸರ್ ಸಣ್ಣದು, ಕಡಿಮೆ ಬೆಳಕಿನಾಗ ಚಿತ್ರ ಕಾಳುಕಾಳಾಗಿ ಬರ್ತದ. ಹೊಸ ಫೋನ್ ಅಲ್ಲಿ ಗೆಲ್ತದ. ನಾನು ಯೋಚಿಸಿ, ಮೈಕ್ ತೂತಿರೋ ಒಂದು ಸೆಕೆಂಡ್ ಹ್ಯಾಂಡ್ ಫುಲ್ ಎಚ್‌ಡಿ ಹ್ಯಾಂಡಿಕ್ಯಾಮ್ 9,500ಕ್ಕೆ ತಗೊಂಡೆ. ಉಳಿದಿದ್ದರಾಗ ಮೈಕು, ಕಾರ್ಡು, ಸ್ಟ್ಯಾಂಡು.

ಹೋದ ಅಮಾವಾಸ್ಯೆಗೆ ಮತ್ತೆ ಕಮಲಾಪುರಕ್ಕ ಹೋದೆ. ಈ ಸಲ ಚಹಾ ಕುಡಿಲಿಕ್ಕೆ ಏಳಲಿಲ್ಲ. 2 ಗಂಟೆ 10 ನಿಮಿಷ, ಒಂದೇ ಸಮ. ಟ್ಯೂಬ್‌ಲೈಟ್ ಕೆಳಗ ಚಿತ್ರ ಅಷ್ಟಕ್ಕಷ್ಟೇ, ಆದ್ರ ಮುತ್ಯಾ ಉಸಿರು ಎಳ್ಕೊಳ್ಳೋದೂ ಕೇಳಿಸ್ತದ. ಹೋದ ವರ್ಷ ಹಾಡಿದ ಕೆಲವು ಪದ ಈ ಸಲ ಹಾಡಲಿಲ್ಲ, "ದಮ್ ಸಾಲಂಗಿಲ್ಲೋ" ಅಂದ. ಅವು ಹೋದಂಗೇ. ಟಿವಿಗೆ ವೈರ್ ಹಾಕಿ ತೋರಿಸಿದೆ. ಪೂರಾ ಕೂತು ನೋಡಿ, ತನ್ನ ತಾಳ ಎಲ್ಲಿ ತಪ್ಪಿತು ಅಂತ ಮೂರು ಕಡೆ ತಾನೇ ಹೇಳಿದ.

ನಿಮ್ಮ ಮನ್ಯಾಗ, ಓಣ್ಯಾಗ ಹಾಡೋ ಹಿರಿಯರು ಯಾರಿದ್ದಾರ? ಕಾಮೆಂಟಿನಾಗ ಊರಿನ ಹೆಸರು ಹಾಕ್ರಿ. ಕಲಬುರಗಿ ಸುತ್ತಮುತ್ತ ಇದ್ರ ಕ್ಯಾಮೆರಾ ತಗೊಂಡು ನಾನೇ ಬರ್ತೀನಿ. ಬಸ್ ಚಾರ್ಜ್ ನಂದು, ಚಹಾ ನಿಮ್ಮದು.

#ಕಲಬುರಗಿ #ಸ್ಟೇಶನ್‌ಬಜಾರ #ಕಮಲಾಪುರ #ತತ್ವಪದ