ಜೊತೆಗಾರ ಬರುವ ತನಕ

ನಗರದ ತರುಣ ತರುಣಿಯರಲ್ಲಿ ಈಚೆಗೆ ಒಂದು ಹೊಸ ಪಂದ್ಯದ ಮೋಹ ಹಬ್ಬಿದೆ. ‘ಅಡ್ವೆಂಚರ್ ರೇಸ್’ ಎಂದು ಅದರ ಹೆಸರು. ಸಾಹಸದ ಓಟ ಎಂದು ನಾವು ಕರೆಯಬಹುದು. ಇಬ್ಬರು ಸೇರಿದರೆ ಒಂದು ತಂಡ. ಹೊರಡುವ ಹೊತ್ತಿಗೆ ಅವರ ಕೈಗೆ ಒಂದು ನಕ್ಷೆ ಬರುತ್ತದೆ. ಅದರಲ್ಲಿ ಗುರುತು ಹಾಕಿದ ಠಾಣೆಗಳನ್ನು ಹುಡುಕಿಕೊಂಡು ಹೋಗಬೇಕು. ಅಲ್ಲಲ್ಲಿ ಒಡ್ಡುವ ಸಣ್ಣಪುಟ್ಟ ಪರೀಕ್ಷೆಗಳನ್ನು ಮುಗಿಸಬೇಕು. ನಡೆದೋ ಓಡಿಯೋ ಸೈಕಲ್ ತುಳಿದೋ ಗಡುವಿನೊಳಗೆ ಗುರಿ ಮುಟ್ಟಬೇಕು. ಊರೊಳಗೆ ನಡೆದರೆ ಪೇಟೆಯ ಗಲ್ಲಿಗಳೇ ಇದರ ಕಾಡು, ಬಸ್ಸು ನಿಲ್ದಾಣಗಳೇ ಬೆಟ್ಟ. ಊರ ಹೊರಗೆ ನಡೆಸಬೇಕೆಂದರೆ ಬೆಂಗಳೂರಿನವರ ಕಣ್ಣು ಮೊದಲು ಹೊರಳುವುದು ರಾಮನಗರ, ಮಾಗಡಿ, ಕನಕಪುರ, ಚನ್ನಪಟ್ಟಣಗಳ ಕಡೆಗೆ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆಯಾದ ಈ ನಾಲ್ಕು ತಾಲ್ಲೂಕುಗಳ ಸೀಮೆಗೆ ‘ಬೆಂಗಳೂರು ದಕ್ಷಿಣ’ ಎಂದು ಹೆಸರಿಡಲು 2025ರಲ್ಲಿ ರಾಜ್ಯದ ಮಂತ್ರಿಮಂಡಲ ಒಪ್ಪಿತು. ಅಂದಮೇಲೆ ಇಲ್ಲಿನ ಬಂಡೆಗಳ ಮೇಲೆ ಓಡುವುದೂ ನಗರದ ಓಟವೇ ಆಯಿತೆಂದು ಯಾರಾದರೂ ವಾದಿಸಿದರೆ ನಾವು ಅಡ್ಡಿ ಹೇಳಲಾರೆವು.

ಈ ಆಟದ ನಿಯಮಗಳಲ್ಲಿ ಒಂದು ಮಾತ್ರ ವಿಚಾರಕ್ಕೆ ಎಡೆ ಕೊಡುವಂತಹುದು. ಜೊತೆಗಾರರಿಬ್ಬರೂ ಒಟ್ಟಾಗಿಯೇ ಸಾಗಬೇಕು. ಗುರಿಯಲ್ಲಿ ಲೆಕ್ಕಕ್ಕೆ ಬರುವುದು ಹಿಂದೆ ಬಂದವನ ಹೊತ್ತು. ಮುಂದೆ ಓಡಿದವನು ಎಷ್ಟೇ ಚುರುಕಾಗಿದ್ದರೂ ಗೆರೆಯ ಬಳಿ ನಿಂತು ತನ್ನವನ ದಾರಿ ಕಾಯಬೇಕಾದುದೇ. ಬೇರೆ ಓಟಗಳಲ್ಲಿ ಕಾಣದ ಈ ಕಟ್ಟಳೆ ಎಲ್ಲಿಂದ ಬಂದಿತು? ನಕ್ಷೆ ಹಿಡಿದು ದಾರಿ ಹುಡುಕುವ ಆಟವನ್ನು ಸಾರ್ವಜನಿಕ ಪಂದ್ಯವಾಗಿ ಮೊದಲು ನಡೆಸಿದವರು ನಾರ್ವೆಯವರು, 1897ರಲ್ಲಿ. 1919ರಲ್ಲಿ ಸ್ವೀಡನ್ನಿನ ಮೇಜರ್ ಅರ್ನ್‌ಸ್ಟ್ ಕಿಲ್ಲಾಂಡರ್ ಅದನ್ನು ವ್ಯವಸ್ಥಿತವಾದ ಕ್ರೀಡೆಯಾಗಿ ಬೆಳೆಸಿದ. 1968ರಲ್ಲಿ ಇಂಗ್ಲೆಂಡಿನ ಉತ್ತರದ ಗುಡ್ಡಗಳಲ್ಲಿ ಎರಡು ದಿನದ ಒಂದು ಓಟ ಆರಂಭವಾಯಿತು. ಅದಕ್ಕೆ ಇಬ್ಬಿಬ್ಬರಾಗಿಯೇ ಹೋಗಬೇಕು, ಡೇರೆಯನ್ನೂ ಊಟವನ್ನೂ ಬೆನ್ನ ಮೇಲೆ ಹೊತ್ತೇ ಹೋಗಬೇಕು. ಮಂಜು ಕವಿದ ಗುಡ್ಡದಲ್ಲಿ ಒಬ್ಬಂಟಿಗನ ಕಾಲು ಉಳುಕಿದರೆ ಸುದ್ದಿ ಮುಟ್ಟಿಸುವವರಾರು ಎಂಬ ಸರಳ ವಿವೇಕ ಈ ಜೋಡಿಯ ಹಿಂದೆ ಇದ್ದಿರಬೇಕು. 1989ರಲ್ಲಿ ಫ್ರೆಂಚ್ ಪತ್ರಕರ್ತ ಜೆರಾರ್ ಫ್ಯೂಸಿಲ್ ನ್ಯೂಜಿಲೆಂಡಿನಲ್ಲಿ ಹಲವು ದಿನಗಳ ಮಹಾ ಓಟವೊಂದನ್ನು ನಡೆಸಿದ. 2001ರಲ್ಲಿ ಅಮೆರಿಕದ ಟೆಲಿವಿಷನ್ನು ಇಬ್ಬರ ತಂಡಗಳನ್ನು ಜಗತ್ತು ಸುತ್ತಿಸಿತು; ಆಟ ಗುಡ್ಡದಿಂದ ಇಳಿದು ಪೇಟೆಗೂ ಬಂದಿತು.

ಆಟ ಹೊರಗಿನಿಂದ ಬಂದದ್ದು ನಿಜ. ಆದರೆ ಅದರ ಕಷ್ಟಗಳೆಲ್ಲ, ಎಂದರೆ ದಾರಿಯ ಆಯ್ಕೆ, ಬಂಡೆ, ಗಡುವು, ಎಲ್ಲಕ್ಕೂ ಮಿಗಿಲಾಗಿ ಜೊತೆಗಾರನ ಕಾಯುವಿಕೆ, ಇವು ನಮ್ಮ ಈ ಸೀಮೆಗೆ ಹಳೆಯವು. ಇಲ್ಲಿ ಅವು ಆಟವಾಗಿರಲಿಲ್ಲ, ಅಷ್ಟೆ.

1791ನೆಯ ವರ್ಷವನ್ನು ನೋಡಿ. ಮಾರ್ಚ್ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಬೆಂಗಳೂರಿನ ಕೋಟೆಯನ್ನು ಹಿಡಿದ. ಗುರಿ ಶ್ರೀರಂಗಪಟ್ಟಣ, ಗಡುವು ಮುಂಗಾರು. ಮಳೆ ಹಿಡಿದು ಕಾವೇರಿ ತುಂಬಿದರೆ ಮುತ್ತಿಗೆಯ ಮಾತೇ ಇಲ್ಲ. ಇವನು ಒಂಟಿಯೂ ಅಲ್ಲ. ಪಶ್ಚಿಮದಿಂದ ಕೊಡಗಿನ ಘಟ್ಟ ಹತ್ತಿ ಬೊಂಬಾಯಿಯ ಸೈನ್ಯದೊಡನೆ ಜನರಲ್ ಅಬರ್‌ಕ್ರಾಂಬಿ ಬರುತ್ತಿದ್ದ. ಉತ್ತರದಿಂದ ಹರಿಪಂತ ಫಡಕೆ, ಪರಶುರಾಮ ಭಾವೂ ಇವರ ಮರಾಠಾ ದಂಡು ಬರುತ್ತಿದ್ದಿತು. ಮೂವರೂ ಒಂದೆಡೆ ಸೇರಿದರೆ ಕೆಲಸ ಸುಲಭ.

ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ನೇರವಾದ ದಾರಿ ರಾಮಗಿರಿ, ಚನ್ನಪಟ್ಟಣಗಳ ಮೇಲೆ ಹೋಗುವುದು. ಈ ಹೊತ್ತು ಮೈಸೂರಿಗೆ ಹೋಗುವವರು ಹಿಡಿಯುವುದೂ ಹೆಚ್ಚುಕಡಿಮೆ ಅದನ್ನೇ. ಟೀಪು ಸುಲ್ತಾನ ಅಲ್ಲಿಯೇ ಕಾದು ಕುಳಿತ. ಇದನ್ನು ತಿಳಿದ ಕಾರ್ನ್‌ವಾಲಿಸ್ ಮೇ ತಿಂಗಳ ಮೊದಲಲ್ಲಿ ದಕ್ಷಿಣಕ್ಕೆ ಹೊರಳಿ ಕಾನಕಾನಹಳ್ಳಿಯ ಬಳಸು ದಾರಿ ಹಿಡಿದ. ಈಗಿನ ಕನಕಪುರವೇ ಆಗಿನ ಕಾನಕಾನಹಳ್ಳಿ. ನಕ್ಷೆಯ ಮೇಲೆ ಇದು ಜಾಣತನವೇ. ಆದರೆ ಟೀಪುವಿನ ಕಡೆಯವರು ಆ ದಾರಿಯ ಹಳ್ಳಿಗಳನ್ನು ಮೊದಲೇ ಬರಿದು ಮಾಡಿದರು. ಹುಲ್ಲು ಸುಟ್ಟರು, ಧಾನ್ಯ ಉಳಿಸಲಿಲ್ಲ. ಗುಡ್ಡದ ಕಿರುದಾರಿಯಲ್ಲಿ ದೊಡ್ಡ ತೋಪುಗಳನ್ನು ಎಳೆದ ಎತ್ತುಗಳು ಮೇವಿಲ್ಲದೆ ಸಾಲುಸಾಲಾಗಿ ಬಿದ್ದವು. ಸುಲ್ತಾನನ ಯುದ್ಧವನ್ನೂ ಸಾಹೇಬರ ಯುದ್ಧವನ್ನೂ ಬರೆದವರು ಬಹಳ ಮಂದಿ. ಮೇವು ಸುಡುವುದನ್ನು ಕಣ್ಣಾರೆ ಕಂಡು ದನ ಹೊಡೆದುಕೊಂಡು ಕಾಡು ಸೇರಿದ ಕಾನಕಾನಹಳ್ಳಿಯ ಒಕ್ಕಲಿಗನ ಕಡೆಯಿಂದ ಅದನ್ನು ಬರೆದವರು ಕಡಮೆ.

ಮೇ 15ರಂದು ಅರಕೆರೆಯ ಬಳಿ ಕಾಳಗವಾಯಿತು. ಕಾರ್ನ್‌ವಾಲಿಸನಿಗೇ ಗೆಲುವು. ಶ್ರೀರಂಗಪಟ್ಟಣ ಕಣ್ಣೆದುರಿಗೇ ಇದೆ. ತೋಪು ಎಳೆಯಲು ಎತ್ತಿಲ್ಲ, ದಂಡಿಗೆ ಅನ್ನವಿಲ್ಲ, ಮಳೆಯೂ ಹಿಡಿಯಿತು. ಪಿರಿಯಾಪಟ್ಟಣದ ಕಡೆ ಬಂದಿದ್ದ ಅಬರ್‌ಕ್ರಾಂಬಿಗೆ ಹಿಂದಕ್ಕೆ ಹೋಗೆಂದು ಹೇಳಿ ಕಳುಹಿಸಿ, ಮುತ್ತಿಗೆಯ ತೋಪುಗಳನ್ನು ತನ್ನ ಕೈಯಾರೆ ಒಡೆಸಿ ಅವನು ಬೆಂಗಳೂರಿಗೆ ಹಿಂದಿರುಗಿ ಹೊರಟ. ಹೊರಟ ದಿನವೇ ಎದುರಿನಿಂದ ಕುದುರೆಯ ದಂಡೊಂದು ಕಾಣಿಸಿತು. ಶತ್ರುಗಳೆಂದು ಇವರು ಅಣಿಯಾದರೆ, ಬಂದವರು ಮರಾಠರು! ಅವರು ಅಷ್ಟು ಹತ್ತಿರ ಬಂದಿದ್ದ ಸುದ್ದಿಯೇ ಇವರಿಗೆ ಮುಟ್ಟಿರಲಿಲ್ಲ. ಎರಡು ದಂಡುಗಳ ನಡುವೆ ಓಡಾಡುವ ಹರಿಕಾರರನ್ನು ಟೀಪುವಿನ ಸವಾರರು ಒಬ್ಬರನ್ನೂ ಬಿಡದೆ ತಡೆದಿದ್ದರು. ಆ ಹರಿಕಾರರಲ್ಲಿ ಕೆಲವರಾದರೂ ದಾಟಿ ಬಂದಿದ್ದರೆ ತೋಪು ಒಡೆಯುವ ಪ್ರಸಂಗ ಬರುತ್ತಿರಲಿಲ್ಲವೇನೋ. ಸುದ್ದಿಯ ದಾರಿಯನ್ನು ಕಾಯುವುದರಲ್ಲಿ ಆ ವರ್ಷ ಮೈಸೂರಿನವರು ತೋರಿದ ಚಾತುರ್ಯಕ್ಕೆ ತಕ್ಕ ಹೊಗಳಿಕೆ ಸಿಕ್ಕಿಲ್ಲವೆಂದೇ ನಮ್ಮ ಭಾವನೆ.

ಎರಡನೆಯ ಸಲ ಕಾರ್ನ್‌ವಾಲಿಸ್ ಆತುರ ಪಡಲಿಲ್ಲ. ಬೆಂಗಳೂರಿನಿಂದ ದಿನಸಿ ಬರುವ ದಾರಿಯ ಮಗ್ಗುಲಲ್ಲಿದ್ದ ದುರ್ಗಗಳನ್ನು ಮೊದಲು ಹಿಡಿಯಬೇಕೆಂದು ತೀರ್ಮಾನಿಸಿದ. ಅವುಗಳಲ್ಲಿ ಹಿರಿಯದು ಮಾಗಡಿ ಸೀಮೆಯ ಸಾವನದುರ್ಗ. 1537ರಲ್ಲಿ ಬೆಂಗಳೂರಿನ ಕೋಟೆ ಕಟ್ಟಿಸಿದ ಕೆಂಪೇಗೌಡನ ವಂಶದವರು 1638ರಲ್ಲಿ ಬೆಂಗಳೂರು ಬಿಜಾಪುರದವರ ವಶವಾದ ಮೇಲೆ ಮಾಗಡಿಯಲ್ಲಿ ನೆಲೆಸಿದರು. 1728ರಲ್ಲಿ ಮೈಸೂರಿನ ದಳವಾಯಿ ಹಿಡಿಯುವವರೆಗೆ ಈ ದುರ್ಗ ಅವರದಾಗಿದ್ದಿತು. ಸಮುದ್ರಮಟ್ಟದಿಂದ 1,226 ಮೀಟರು ಎತ್ತರದ ಏಕಶಿಲೆ. ಸುತ್ತ ಆಗ ದಟ್ಟವಾದ ಬಿದಿರು ಮೆಳೆ. ಬಂಡೆಯ ನೆತ್ತಿ ಸೀಳಿ ಎರಡಾಗಿದೆ. ಒಂದು ಕರಿಗುಡ್ಡ, ಇನ್ನೊಂದು ಬಿಳಿಗುಡ್ಡ. ಎರಡಕ್ಕೂ ಬೇರೆಬೇರೆ ಕೋಟೆ. ಒಂದು ಬಿದ್ದರೂ ಇನ್ನೊಂದು ನಿಲ್ಲಬೇಕೆಂಬುದು ಕಟ್ಟಿದವರ ಲೆಕ್ಕ. ಇಬ್ಬರು ಜೊತೆಗಾರರ ಹಾಗೆ ಎನ್ನಬಹುದು.

ಡಿಸೆಂಬರ್ 10ರಂದು ದಂಡು ಬಂದು ಇಳಿಯಿತು. ಮೆಳೆ ಕಡಿದು, ಬಂಡೆಗಳ ನಡುವೆ ದಾರಿ ಬಿಡಿಸಿ ತೋಪುಗಳನ್ನು ಎಳೆದುದೇ ನಿಜವಾದ ಕಷ್ಟ. 17ರಂದು ಗುಂಡು ಹಾರತೊಡಗಿತು. ಮೂರು ದಿನಗಳಲ್ಲಿ ಗೋಡೆ ಬಿರಿಯಿತು. 21ರ ಬೆಳಗ್ಗೆ ಬ್ಯಾಂಡು ಬಾರಿಸುತ್ತ ಸಿಪಾಯಿಗಳು ಏರಿದರು. ಪೂರ್ವದ ಕೋಟೆಯವರು ಕದನಕ್ಕೆ ನಿಲ್ಲದೆ ಪಶ್ಚಿಮದ ಶಿಖರದ ಕಡೆಗೆ ಓಡಿದರು. ಲೆಕ್ಕವೇನೋ ಸರಿಯೇ, ಇನ್ನೊಂದು ಕೋಟೆ ಇರುವುದೇ ಅದಕ್ಕೆ. ಆದರೆ ಬೆನ್ನಟ್ಟಿದವರೂ ಅವರೊಡನೆಯೇ ಓಡಿದರು. ಕಡಿದಾದ ಬಂಡೆಯ ಮೇಲೆ ಓಡುವವರೂ ಅಟ್ಟುವವರೂ ಬೆರೆತು ಹೋದರು. ತಮ್ಮವರಿಗಾಗಿ ಬಾಗಿಲು ತೆರೆದಿಡಬೇಕು. ತೆರೆದ ಬಾಗಿಲಿನಲ್ಲಿ ಶತ್ರುವೂ ನುಗ್ಗುತ್ತಾನೆ. ಮುಚ್ಚಿದ್ದರೆ ದುರ್ಗ ಉಳಿಯುತ್ತಿತ್ತೋ ಏನೋ. ತಮ್ಮವರು ಹೊರಗೆ ಉಳಿಯುತ್ತಿದ್ದರು. ಒಂದು ಗಂಟೆಯೊಳಗೆ ಎಲ್ಲವೂ ಮುಗಿಯಿತು. ಕಿಲ್ಲೇದಾರ ಮಡಿದ; ಪಶ್ಚಿಮದ ಶಿಖರದಲ್ಲಿಯೇ ನೂರಕ್ಕೂ ಹೆಚ್ಚು ಮಂದಿ ಸತ್ತರು; ತಪ್ಪಿಸಿಕೊಳ್ಳಹೋಗಿ ಪ್ರಪಾತಕ್ಕೆ ಬಿದ್ದವರು ಬೇರೆ. ಏರಿದವರ ಕಡೆ ಒಬ್ಬನಿಗೆ ಗಾಯವಾಯಿತೆಂದು ದಾಖಲೆ. ಇದನ್ನು ಯುದ್ಧಕಲೆಯ ಅದ್ಭುತವೆಂದು ಆಂಗ್ಲ ಗ್ರಂಥಕರ್ತರು ಬರೆದರು. ಬಾಗಿಲು ಮುಚ್ಚಲಾರದೆ ಹೋದ ಕಾವಲುಗಾರನನ್ನು ನೆನೆದರೆ ನಮಗೆ ಅಂತಹ ಅದ್ಭುತವೇನೂ ಕಾಣುವುದಿಲ್ಲ.

ಸಾವನದುರ್ಗ ಬಿದ್ದ ಸುದ್ದಿಗೇ ರಾಮಗಿರಿ, ಶಿವನಗಿರಿಗಳು ಶರಣಾದವು. 24ರಂದು ಉತ್ತರಿದುರ್ಗವೂ ಹೋಯಿತು.

ಯುದ್ಧ ಮುಗಿದ ಮೇಲೆ ನಕ್ಷೆಯ ಕಾಲ. ಈಗಿನ ಓಟಗಾರನ ಕೈಯಲ್ಲಿರುವ ನಕ್ಷೆಗೆ ಅಡಿಪಾಯ ಬಿದ್ದುದು ಆಗಲೇ. 1800ರ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ನೂರು ಅಡಿಯ ಉಕ್ಕಿನ ಸರಪಳಿ ಹಿಡಿದು ಏಳು ಮೈಲಿಗೂ ಹೆಚ್ಚಿನ ಆಧಾರರೇಖೆಯನ್ನು ಅಳೆದ. ಆ ರೇಖೆಯ ಎರಡು ತುದಿಗಳಿಂದ ದೂರದ ಶಿಖರವೊಂದನ್ನು ನೋಡಿ ಕೋನ ಅಳೆದರೆ ಅಲ್ಲಿಗೆ ನಡೆಯದೆಯೇ ದೂರ ತಿಳಿಯುತ್ತದೆ. ಆ ಶಿಖರದಿಂದ ಇನ್ನೊಂದಕ್ಕೆ, ಹೀಗೆ ತ್ರಿಕೋನದ ಮೇಲೆ ತ್ರಿಕೋನ. ಸಾವನದುರ್ಗ, ರಾಮಗಿರಿಗಳಂತಹ ಬೋಳು ಬಂಡೆಗಳು ಇಂತಹ ಕೆಲಸಕ್ಕೆಂದೇ ಹುಟ್ಟಿದಂತಿವೆ. ಆದರೆ ನೋಡುವವನು ಒಂದು ಬೆಟ್ಟದ ಮೇಲಿದ್ದರೆ ಇನ್ನೊಂದರ ಮೇಲೆ ಬಾವುಟವೋ ದೀಪವೋ ಹಿಡಿದು ಮತ್ತೊಬ್ಬ ನಿಲ್ಲಬೇಕು. ಮಂಜು ಸರಿಯುವವರೆಗೆ ಎಷ್ಟು ದಿನವಾದರೂ ಅವನು ಇಳಿಯುವಂತಿಲ್ಲ. ಲ್ಯಾಂಬ್ಟನ್ನನ ಹೆಸರನ್ನು ಶಾಲೆಯ ಹುಡುಗರೂ ಬಲ್ಲರು. ಅವನ ಸಹಾಯಕ ಜಾನ್ ವಾರನ್ನನನ್ನು ಕೋಲಾರದ ಚಿನ್ನದ ಕಥೆಯಿಂದಾಗಿ ಕೆಲವರು ಬಲ್ಲರು. ಎದುರು ಬೆಟ್ಟದಲ್ಲಿ ಬಾವುಟ ಹಿಡಿದು ನಿಂತ ಲಸ್ಕರಿಯನ್ನು ಯಾರೂ ಅರಿಯರು.

ಎಲ್ಲರೂ ಹಾಗೆ ಮರೆಗೆ ಸರಿದರೆಂದು ಹೇಳಿದರೆ ಅನ್ಯಾಯವಾದೀತು. ಅದೇ ಕಾಲದಲ್ಲಿ ಮೈಸೂರು ಸೀಮೆಯ ಭೂಮಾಪನಕ್ಕೆ ನೇಮಕವಾದ ಕಾಲಿನ್ ಮೆಕೆಂಜಿಗೆ ಇಲ್ಲಿನ ಭಾಷೆಗಳು ಬಾರವು. ಶಾಸನ ಕಂಡರೆ ಓದಿಸುವುದು, ಊರ ಹಿರಿಯರನ್ನು ಮಾತಿಗೆಳೆಯುವುದು, ಕೈಫಿಯತ್ತು ಬರೆಯಿಸುವುದು, ಇವೆಲ್ಲ ಸಾಗಿದುದು ಏಲೂರಿನ ಕಡೆಯ ಕಾವಲಿ ವೆಂಕಟ ಬೋರಯ್ಯ ಎಂಬ ತರುಣನಿಂದ. 1803ರಲ್ಲಿ ಅವನು ಇಪ್ಪತ್ತಾರರ ಆಸುಪಾಸಿನಲ್ಲಿಯೇ ತೀರಿಕೊಂಡ. ಕೆಲಸವನ್ನು ತಮ್ಮ ಲಕ್ಷ್ಮಯ್ಯ ಮುಂದುವರಿಸಿದ. ಭಾರತದ ವಿದ್ಯೆಯ ಬಾಗಿಲು ತನಗೆ ತೆರೆದುದು ಬೋರಯ್ಯನಿಂದ ಎಂಬುದನ್ನು ಮೆಕೆಂಜಿ ಮುಚ್ಚಿಡದೆ ಬರೆದ. 1816ರಲ್ಲಿ ತಾಮಸ್ ಹಿಕಿ ಬರೆದ ಅವನ ಭಾವಚಿತ್ರದಲ್ಲಿ ಕೆಂಪು ಅಂಗಿಯ ಸಾಹೇಬನೊಡನೆ ಮೂವರು ದೇಶೀಯರು ನಿಂತಿದ್ದಾರೆ. ಅವರಲ್ಲೊಬ್ಬನ ಕೈಯಲ್ಲಿ ದೂರದರ್ಶಕ. ಗೆರೆಯ ಬಳಿ ನಿಂತು ಜೊತೆಗಾರನನ್ನು ಕಾದ ಅಧಿಕಾರಿಗಳು ಆ ಕಾಲದಲ್ಲಿ ವಿರಳ, ಇವನೊಬ್ಬ.

ರಾಮಗಿರಿಯ ಅಡಿಯ ಊರಿಗೆ ಆ ಹೊತ್ತಿಗೇ ರೆಸಿಡೆಂಟ್ ಬ್ಯಾರಿ ಕ್ಲೋಸನ ಹೆಸರಿನಿಂದ ಕ್ಲೋಸ್‌ಪೇಟೆ ಎಂದು ಹೆಸರಾಗಿತ್ತು. ಊರು ಆಮೇಲೆ ರಾಮನ ಹೆಸರಿಗೆ ಮರಳಿತು. ಬಂಡೆ ಮಾತ್ರ ಭೂವಿಜ್ಞಾನಿಗಳ ಬಾಯಲ್ಲಿ ಇನ್ನೂ ‘ಕ್ಲೋಸ್‌ಪೇಟ್ ಗ್ರಾನೈಟ್’. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಚನ್ನಪಟ್ಟಣದ ಗಾಜಿನ ಬಳೆಯನ್ನೂ ವಾದ್ಯಗಳ ಉಕ್ಕಿನ ತಂತಿಯನ್ನೂ 1800ರಲ್ಲಿ ಬುಕಾನನ್ ಮೆಚ್ಚಿ ಬರೆದ. ಅದು ಬೇರೆಯೇ ಒಂದು ಲೇಖನದ ವಿಷಯ.

ಈ ಬಂಡೆಗಳು ಇಡೀ ದೇಶದ ಕಣ್ಣಿಗೆ ಬಿದ್ದುದು ಸಿನಿಮಾದಿಂದ. 1973ರ ಅಕ್ಟೋಬರಿನಲ್ಲಿ ರಮೇಶ್ ಸಿಪ್ಪಿ ರಾಮದೇವರ ಬೆಟ್ಟದ ಬುಡದಲ್ಲಿ ಹಳ್ಳಿಯೊಂದನ್ನೇ ಕಟ್ಟಿಸಿ ‘ಶೋಲೆ’ಯ ಚಿತ್ರೀಕರಣ ಆರಂಭಿಸಿದ, 1975ರ ಆಗಸ್ಟ್ 15ರಂದು ಚಿತ್ರ ತೆರೆ ಕಂಡಿತು. ಅದೂ ಇಬ್ಬರ ಕಥೆಯೇ. ಜಯ್ ಹಿಂದೆ ಉಳಿದು ಸೇತುವೆ ಕಾಯುತ್ತಾನೆ. ವೀರು ಮುಂದೆ ಹೋಗುತ್ತಾನೆ. ಮರಳಿ ಬರುವ ಹೊತ್ತಿಗೆ ಕಾದವನಿಗೆ ಉಳಿವಿಲ್ಲ. ಈ ಬೆಟ್ಟಗಳ ಹಳೆಯ ಚರಿತ್ರೆಯನ್ನು ಓದಿ ಯಾರೂ ಆ ಕಥೆ ಬರೆಯಲಿಲ್ಲ. ಆದರೂ ಸ್ಥಳಕ್ಕೆ ಒಪ್ಪುವ ಕಥೆ.

ಅನಂತರದ ದಶಕಗಳಲ್ಲಿ ಬೆಂಗಳೂರಿನ ಹುಡುಗರು ಹಗ್ಗ ಹಿಡಿದು ಬಂದರು. ಬಂಡೆ ಹತ್ತುವುದರಲ್ಲಿಯೂ ಜೋಡಿಯೇ: ಒಬ್ಬ ಏರುತ್ತಾನೆ, ಇನ್ನೊಬ್ಬ ಕೆಳಗೆ ನಿಂತು ಹಗ್ಗ ಬಿಡುತ್ತ ಹಿಡಿಯುತ್ತ ಇರುತ್ತಾನೆ. ಏರುವವನ ಪ್ರಾಣ ಕೆಳಗಿನವನ ಕೈಯಲ್ಲಿ. ಫೋಟೋದಲ್ಲಿ ಬರುವವನು ಮಾತ್ರ ಮೇಲಿನವನು.

ಆದರೆ ಈ ಬಂಡೆಗೆ ಮನುಷ್ಯರಿಗಿಂತ ಹಳೆಯ ಹಕ್ಕುದಾರರಿದ್ದಾರೆ. ರಾಮದೇವರ ಬೆಟ್ಟದ ಕಡಿದಾದ ಗೋಡೆಗಳಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತವೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧವೇ ಸತ್ತ ದನವನ್ನು ತಿಂದ ಹದ್ದಿಗೆ ವಿಷವಾಗಿ, ದೇಶದಲ್ಲೆಲ್ಲ ಈ ಪಕ್ಷಿ ನಾಶದ ಅಂಚಿಗೆ ಬಂದಿತು. ಪಶುಗಳಿಗೆ ಆ ಔಷಧವನ್ನು ಕೊಡಬಾರದೆಂದು 2006ರಲ್ಲಿ ನಿಷೇಧವಾಯಿತು. 2012ರಲ್ಲಿ ಬೆಟ್ಟದ ಸುಮಾರು 346 ಹೆಕ್ಟೇರನ್ನು ರಣಹದ್ದುಗಳ ಅಭಯಾರಣ್ಯವೆಂದು ಸಾರಿದರು. ಅಲ್ಲಿ ಬಂಡೆ ಹತ್ತುವ ಆಟಕ್ಕೆ ತಡೆ ಬಿದ್ದಿತು. ಹತ್ತುವವರಲ್ಲಿ ಕೆಲವರು ಇದರಿಂದ ನೊಂದುಕೊಂಡರು. ಅವರ ನೋವು ಸುಳ್ಳೆಂದು ಹೇಳಲಾರೆವು. ಆದರೆ ಅವರಿಗೆ ಬೇರೆ ಬಂಡೆ ಉಂಟು, ಹದ್ದುಗಳಿಗೆ ಇಲ್ಲ.

ಈ ಹದ್ದುಗಳು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಗಂಡು ಹೆಣ್ಣು ಎರಡೂ ಸರದಿಯಂತೆ ಕಾವು ಕೊಡುತ್ತವೆ. ಒಂದು ಕುಳಿತಿದ್ದರೆ ಇನ್ನೊಂದು ಮೇವಿಗೆ ಹಾರುತ್ತದೆ. ಹಾರಿದ್ದು ಬರುವ ತನಕ ಕುಳಿತದ್ದು ಏಳುವುದಿಲ್ಲ. ಗದ್ದಲಕ್ಕೆ ಬೆದರಿ ಎದ್ದರೆ ಮೊಟ್ಟೆ ಕೆಡುತ್ತದೆ. ಅವು ಗೂಡು ಹಿಡಿಯುವುದು ಚಳಿಗಾಲದಲ್ಲಿ. ಓಡುವವರಿಗೂ ಬಿಸಿಲು ತಗ್ಗಿದ ಆ ತಿಂಗಳುಗಳೇ ಹಿತ. ನಕ್ಷೆಯ ಮೇಲೆ ಠಾಣೆಗಳನ್ನು ಗುರುತಿಸುವವರು ಪೆನ್ಸಿಲು ಹಿಡಿದು ಕೂರುವುದೂ ಆಗಲೇ.