ನೋವಾ ಸ್ಕೋಷಿಯಾ: ವಿದೇಶಿ ವಿದ್ಯಾರ್ಥಿಗಳನ್ನು ಸೆಳೆಯುವ ಸರ್ಕಾರಿ ಯತ್ನ

ಕೆನಡಾದ ಅಟ್ಲಾಂಟಿಕ್ ಕರಾವಳಿಯ ಪುಟ್ಟ ಪ್ರಾಂತ ನೋವಾ ಸ್ಕೋಷಿಯಾ, ವಿದೇಶಿ ವಿದ್ಯಾರ್ಥಿಗಳನ್ನು ಬರಮಾಡಿಕೊಂಡು, ಓದು ಮುಗಿದ ಮೇಲೆ ಅವರು ಅಲ್ಲೇ ನೆಲೆನಿಲ್ಲುವಂತೆ ಮಾಡಲು 2000ದ ದಶಕದ ಆರಂಭದಿಂದ ಹಲವು ಯೋಜನೆಗಳನ್ನು ನಡೆಸುತ್ತ ಬಂದಿದೆ. ಬೇರೆ ಕಡೆ ಇಂಥ ಯತ್ನಗಳ ಹಿಂದೆ ಶುಲ್ಕದ ಆದಾಯವೋ ವಿದ್ಯಾಸಂಸ್ಥೆಗಳ ಪ್ರತಿಷ್ಠೆಯೋ ಮುಖ್ಯವಾಗಿರುತ್ತದೆ. ಇಲ್ಲಿ ಅವೆರಡರ ಜೊತೆಗೆ ಜನಸಂಖ್ಯೆಯ ಚಿಂತೆಯೂ ಸೇರಿಕೊಂಡಿತು. ಕರೆಯುವ ಕೆಲಸದಲ್ಲಿ ಪ್ರಾಂತ ನಿರೀಕ್ಷೆ ಮೀರಿ ಗೆದ್ದಿತು. ಉಳಿಸಿಕೊಳ್ಳುವ ಕೆಲಸ ಮಾತ್ರ ಅಷ್ಟು ಸುಲಭವಾಗಲಿಲ್ಲ. ವಿದ್ಯಾರ್ಥಿಯನ್ನು ಕರೆತರುವ ಸಂಸ್ಥೆ ಒಂದು, ಅವನಿಗೆ ಮನೆ, ಬಸ್ಸು, ಕೆಲಸ ಸಿಗಬೇಕಾದ ಊರು ಇನ್ನೊಂದು, ಉಳಿಯಲು ಅನುಮತಿ ಕೊಡುವ ಸರ್ಕಾರ ಮತ್ತೊಂದು. ಈ ಮೂರೂ ಒಟ್ಟಿಗೆ ಹೆಜ್ಜೆ ಹಾಕದೆ ಎತ್ತು ಏರಿಗೆ, ಕೋಣ ನೀರಿಗೆ ಎಳೆದಂತಾದದ್ದೇ ಈ ನೀತಿಯ ಮೂಲ ತೊಡಕು.

ನೀತಿಯ ಬೇರು ಆರ್ಥಿಕ ಕುಸಿತದಲ್ಲಿದೆ. 1990ರ ದಶಕದಲ್ಲಿ ಕಾಡ್ ಮೀನುಗಾರಿಕೆ ನೆಲಕಚ್ಚಿತು. ಪ್ರಾಂತದ ಈಶಾನ್ಯದಲ್ಲಿರುವ ಕೇಪ್ ಬ್ರೆಟನ್ ದ್ವೀಪವನ್ನು ಒಂದು ಶತಮಾನ ಸಾಕಿದ ಕಲ್ಲಿದ್ದಲು ಗಣಿಗಳೂ ಸಿಡ್ನಿ ಪಟ್ಟಣದ ಉಕ್ಕಿನ ಕಾರ್ಖಾನೆಯೂ 2001ರ ಹೊತ್ತಿಗೆ ಬಾಗಿಲು ಹಾಕಿದವು. ಯುವಕರು ಟೊರಾಂಟೊಗೋ ಆಲ್ಬರ್ಟಾದ ತೈಲ ಪ್ರದೇಶಕ್ಕೋ ಹೊರಟುಹೋದರು. ಊರುಗಳಲ್ಲಿ ಹಿರಿಯರು ಉಳಿದರು. ಅಕೇಡಿಯಾ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ರೇ ಐವನಿ ನೇತೃತ್ವದ ಆಯೋಗವು 2014ರ ಫೆಬ್ರವರಿಯಲ್ಲಿ ಕೊಟ್ಟ ವರದಿ, ಈಗ ಎಚ್ಚೆತ್ತುಕೊಳ್ಳದಿದ್ದರೆ ಇನ್ನು ಅವಕಾಶವೇ ಇಲ್ಲ ಎಂದು ನೇರವಾಗಿ ಹೇಳಿತು. ಅದು ಮುಂದಿಟ್ಟ 19 ಗುರಿಗಳಲ್ಲಿ ವಲಸೆ ಹೆಚ್ಚಿಸುವುದೂ, ವಿದೇಶಿ ಪದವೀಧರರಲ್ಲಿ ಶೇ 10ರಷ್ಟು ಮಂದಿಯನ್ನು ಪ್ರಾಂತದಲ್ಲೇ ಉಳಿಸಿಕೊಳ್ಳುವುದೂ ಇದ್ದವು. ಹತ್ತರಲ್ಲಿ ಒಬ್ಬರು ಉಳಿದರೆ ಸಾಕು ಎಂಬುದೇ ಮಹತ್ವಾಕಾಂಕ್ಷೆಯ ಗುರಿಯಾಗಿತ್ತೆಂದರೆ ಅಂದಿನ ಸ್ಥಿತಿಯನ್ನು ಊಹಿಸಬಹುದು. ಆದರೆ ಪ್ರಾಂತದ ಕೈಯಲ್ಲಿ ಒಂದು ಬಲವಾದ ಆಸ್ತಿಯಿತ್ತು: 1818ರಲ್ಲಿ ಸ್ಥಾಪನೆಯಾದ ಡಾಲ್‌ಹೌಸಿ ಸೇರಿದಂತೆ ಹತ್ತು ವಿಶ್ವವಿದ್ಯಾಲಯಗಳು. ಸುಮಾರು ಹತ್ತು ಲಕ್ಷ ಜನರಿರುವ ನಾಡಿಗೆ ಇದು ದೊಡ್ಡ ಸಂಖ್ಯೆ. ಸ್ಥಳೀಯ ಹುಡುಗ ಹುಡುಗಿಯರಿಂದ ತುಂಬದ ತರಗತಿಗಳನ್ನು ಹೊರಗಿನವರಿಂದ ತುಂಬಿಸಿ, ಅವರಲ್ಲೇ ನಾಳಿನ ನಾಗರಿಕರನ್ನು ಹುಡುಕುವ ಯೋಚನೆ ಹುಟ್ಟಿದ್ದು ಹೀಗೆ.

ಇದಕ್ಕೆ ಬಳಸಿದ ಸಾಧನಗಳು ಹಲವು. ತನಗೆ ಬೇಕಾದ ವಲಸಿಗರ ಹೆಸರನ್ನು ಪ್ರಾಂತವೇ ಸೂಚಿಸುವ ನಾಮಿನಿ ಯೋಜನೆ 2003ರಲ್ಲಿ ಬಂತು. ಮರುವರ್ಷ ವಿದ್ಯಾಸಂಸ್ಥೆಗಳು ಸೇರಿ ಎಜುನೋವಾ ಎಂಬ ಸಹಕಾರಿ ಸಂಸ್ಥೆ ಕಟ್ಟಿಕೊಂಡು ವಿದೇಶಗಳಲ್ಲಿ ಜಂಟಿ ಪ್ರಚಾರಕ್ಕೆ ಇಳಿದವು. ಸರ್ಕಾರದ ನೆರವಿನಿಂದ ಅದು 2016ರಲ್ಲಿ ಆರಂಭಿಸಿದ 'ಸ್ಟಡಿ ಆ್ಯಂಡ್ ಸ್ಟೇ' ಕಾರ್ಯಕ್ರಮ ಕೊನೆಯ ವರ್ಷದ ವಿದ್ಯಾರ್ಥಿಗಳನ್ನು ಆರಿಸಿಕೊಂಡು, ಅವರಿಗೆ ಸ್ಥಳೀಯ ಮಾರ್ಗದರ್ಶಕರನ್ನೂ ಕೆಲಸ ಹುಡುಕುವ ತರಬೇತಿಯನ್ನೂ ಒದಗಿಸುತ್ತದೆ. ಮೊದಲು ಆರಿಸಿಕೊಂಡದ್ದು ಭಾರತ, ಚೀನಾ, ಫಿಲಿಪೀನ್ಸ್‌ಗಳಿಂದ ಬಂದವರನ್ನು. ಇವೆಲ್ಲಕ್ಕಿಂತ ಹೆಚ್ಚು ಪರಿಣಾಮ ಬೀರಿದ್ದು ಕೇಂದ್ರ ಸರ್ಕಾರವೂ ನಾಲ್ಕು ಅಟ್ಲಾಂಟಿಕ್ ಪ್ರಾಂತಗಳೂ ಸೇರಿ 2017ರಲ್ಲಿ ಪ್ರಾಯೋಗಿಕವಾಗಿ ತಂದು, 2022ರ ಜನವರಿಯಲ್ಲಿ ಕಾಯಂಗೊಳಿಸಿದ ಅಟ್ಲಾಂಟಿಕ್ ವಲಸೆ ಯೋಜನೆ. ಈ ಭಾಗದಲ್ಲಿ ಎರಡು ವರ್ಷದ ಕೋರ್ಸ್ ಓದಿ, ಪದವಿಗೆ ಮುಂಚಿನ ಎರಡು ವರ್ಷಗಳಲ್ಲಿ ಕನಿಷ್ಠ 16 ತಿಂಗಳು ಇಲ್ಲೇ ವಾಸವಿದ್ದ ವಿದ್ಯಾರ್ಥಿಗೆ ಕೆಲಸದ ಅನುಭವದ ಷರತ್ತಿಲ್ಲ. ಆದರೆ ಸರ್ಕಾರದ ಮಾನ್ಯತೆ ಪಡೆದ ಉದ್ಯೋಗದಾತರೊಬ್ಬರು ಕೆಲಸ ಕೊಡಲು ಒಪ್ಪಿರಬೇಕು, ಅವನ ಕುಟುಂಬ ಹೇಗೆ ನೆಲೆಗೊಳ್ಳಲಿದೆ ಎಂಬ ಯೋಜನೆಯೂ ಕಾಗದದಲ್ಲಿರಬೇಕು. ಈ ಮಾರ್ಗದಲ್ಲಿ ಬಂದವರಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ಒಂದು ವರ್ಷದ ನಂತರವೂ ಅಲ್ಲೇ ಇದ್ದರೆಂದು ಕೇಂದ್ರ ಸರ್ಕಾರ ಹೇಳಿಕೊಂಡಿತು. ಒಂದು ವರ್ಷದ ಲೆಕ್ಕವನ್ನು ನೆಚ್ಚಿ ತೀರ್ಪು ಕೊಡಲಾಗದು. ಉಳಿಯುವ ಇಚ್ಛೆ ಇದ್ದವರೇ ಈ ದಾರಿ ಹಿಡಿದಿರಬಹುದು ಎಂಬ ಆಕ್ಷೇಪವೂ ಸರಿಯೇ. ಅಷ್ಟಾದರೂ ಜಾಹೀರಾತಿಗಿಂತ ಕೈಯಲ್ಲೊಂದು ನೌಕರಿ ಜನರನ್ನು ಹೆಚ್ಚು ಹಿಡಿದಿಡುತ್ತದೆ ಎಂಬುದಕ್ಕೆ ಇದು ಒಳ್ಳೆಯ ಸಾಕ್ಷ್ಯ.

ನೀತಿಯ ಬಲ ಮತ್ತು ದೌರ್ಬಲ್ಯ ಎರಡೂ ಎದ್ದು ಕಂಡದ್ದು ಸಿಡ್ನಿಯ ಕೇಪ್ ಬ್ರೆಟನ್ ವಿಶ್ವವಿದ್ಯಾಲಯದಲ್ಲಿ. 2010ರ ದಶಕದ ನಡುವಿನಲ್ಲಿ ಮೂರು ಸಾವಿರದ ಆಸುಪಾಸಿನಲ್ಲಿದ್ದ ವಿದ್ಯಾರ್ಥಿಗಳ ಸಂಖ್ಯೆ 2023ರಲ್ಲಿ 9,000 ದಾಟಿತು. ಮುಕ್ಕಾಲು ಪಾಲು ಹೊರದೇಶದವರು, ಅವರಲ್ಲಿ ಭಾರತೀಯರದೇ ಸಿಂಹಪಾಲು. ಪದವಿಯ ನಂತರದ ಎರಡು ವರ್ಷದ ಡಿಪ್ಲೊಮಾ ಮುಗಿಸಿದರೆ ಮೂರು ವರ್ಷದವರೆಗೆ ಕೆಲಸದ ಪರವಾನಗಿ ಸಿಗುತ್ತಿತ್ತು, ಅದರಿಂದ ಕಾಯಂ ನಿವಾಸಕ್ಕೆ ದಾರಿಯಿತ್ತು. ವಿದ್ಯಾರ್ಥಿಗಳಿಗೆ ಪ್ರವೇಶ ಕೊಡಿಸುವ ಏಜೆಂಟರು ಮಾರಿದ್ದು ಮುಖ್ಯವಾಗಿ ಈ ಲೆಕ್ಕಾಚಾರವನ್ನು. ಕೋಣೆಗಳು ಸಾಲದೆ ಊರಿನ ಸಿನಿಪ್ಲೆಕ್ಸ್ ಚಿತ್ರಮಂದಿರದಲ್ಲಿ ಪಾಠ ನಡೆಸಬೇಕಾಯಿತು. ಪಾಠಕ್ಕೆ ಸಿನಿಮಾ ಹಾಲ್ ಸಿಕ್ಕೀತು, ಮಲಗಲು ಜಾಗ ಸಿಗುವುದು ಕಷ್ಟವಾಯಿತು. ಸುತ್ತಲಿನ ಪುರಸಭಾ ವ್ಯಾಪ್ತಿಯಲ್ಲಿ 2021ರ ಜನಗಣತಿಯ ಪ್ರಕಾರ ಇದ್ದವರು 94 ಸಾವಿರಕ್ಕೂ ಕಡಿಮೆ ಜನ. ದಶಕಗಳಿಂದ ಕುಗ್ಗುತ್ತಿದ್ದ ಊರಿನಲ್ಲಿ ಹೊಸ ಬಾಡಿಗೆ ಮನೆ ಕಟ್ಟುವವರು ಎಲ್ಲಿಂದ ಬರಬೇಕು? ಹಳೆಯ ಮರದ ಮನೆಗಳ ಒಂದೊಂದು ಕೋಣೆಯನ್ನು ಹಂಚಿಕೊಂಡು ಹುಡುಗರು ದಿನ ದೂಡಿದರು. 2022ರ ಡಿಸೆಂಬರಿನಲ್ಲಿ ಅಂಥ ಬಾಡಿಗೆ ಮನೆಯೊಂದಕ್ಕೆ ಬೆಂಕಿ ಬಿದ್ದು ಭಾರತದ ವಿದ್ಯಾರ್ಥಿಯೊಬ್ಬ ಸತ್ತ ಮೇಲೆ ಸುರಕ್ಷತೆಯ ಪ್ರಶ್ನೆ ಗಟ್ಟಿಯಾಗಿ ಎದ್ದಿತು. ಇತ್ತ ಕೇಂದ್ರ ಸರ್ಕಾರ ಜೀವನವೆಚ್ಚಕ್ಕೆಂದು ವಿದ್ಯಾರ್ಥಿ ತೋರಿಸಬೇಕಿದ್ದ ಹಣವನ್ನು 2000ದ ದಶಕದ ಆರಂಭದಿಂದ 10,000 ಡಾಲರಿಗೇ ನಿಲ್ಲಿಸಿಟ್ಟಿತ್ತು. 20,635ಕ್ಕೆ ಏರಿಸಿದ್ದು 2024ರ ಜನವರಿಯಲ್ಲಿ. ಹಳೆಯ ಲೆಕ್ಕದ ದುಡ್ಡು ಹಿಡಿದು ಬಂದವನು ವಾರಕ್ಕೆ 20 ಗಂಟೆ ಕೆಲಸ ಮಾಡಿ ಉಳಿದದ್ದನ್ನು ಸರಿದೂಗಿಸಬೇಕಿತ್ತು. ಆ ಕೆಲಸವೂ ಪುಟ್ಟ ಊರಿನಲ್ಲಿ ಸಾವಿರಾರು ಜನರಿಗೆ ಸಿಗುವಂತಿರಲಿಲ್ಲ.

ಈ ಟೀಕೆಗೆ ಪ್ರಾಂತದ ಬೆಂಬಲಿಗರ ಉತ್ತರವೂ ಬಲವಾಗಿದೆ. ವಿದ್ಯಾರ್ಥಿಗಳು ಬರದಿದ್ದರೆ ವಿಶ್ವವಿದ್ಯಾಲಯವೇ ಸೊರಗುತ್ತಿತ್ತು, ಅದರೊಂದಿಗೆ ಊರೂ. ವೃದ್ಧಾಶ್ರಮ, ಹೋಟೆಲು, ಅಂಗಡಿಗಳಿಗೆ ಕೆಲಸಗಾರರು ಸಿಕ್ಕಿದ್ದು, ಬಸ್ಸುಗಳು ತುಂಬಿದ್ದು ಅವರಿಂದಲೇ. 2021ರ ಕೊನೆಯಲ್ಲಿ ಪ್ರಾಂತದ ಜನಸಂಖ್ಯೆ ಹತ್ತು ಲಕ್ಷ ದಾಟಿತು, ಪ್ರೀಮಿಯರ್ ಟಿಮ್ ಹ್ಯೂಸ್ಟನ್ ಅವರ ಸರ್ಕಾರ 2060ಕ್ಕೆ ಇಪ್ಪತ್ತು ಲಕ್ಷದ ಗುರಿ ಇಟ್ಟಿತು. ಇದೆಲ್ಲ ನಿಜ. ಆದರೆ ಲಾಭ ಸೇರಿದ್ದು ಎಲ್ಲಿಗೆ, ಹೊರೆ ಬಿದ್ದದ್ದು ಯಾರ ಮೇಲೆ ಎಂದು ಕೇಳಿದರೆ ಚಿತ್ರ ಬದಲಾಗುತ್ತದೆ. ಶುಲ್ಕ ಸೇರಿದ್ದು ವಿಶ್ವವಿದ್ಯಾಲಯಕ್ಕೆ. ಆ ಶುಲ್ಕ ಬರುತ್ತದೆಂಬ ಧೈರ್ಯದಿಂದ ಪ್ರಾಂತಕ್ಕೆ ಅನುದಾನ ಹೆಚ್ಚಿಸುವ ಒತ್ತಡ ತಪ್ಪಿತು. ಮನೆ, ಬಸ್ಸು, ಅಗ್ನಿಶಾಮಕ ತಪಾಸಣೆಯ ಹೊಣೆ ಪುರಸಭೆಗೆ ಬಿತ್ತು, ಎಷ್ಟು ಜನ ಬರುತ್ತಾರೆ ಎಂಬ ತೀರ್ಮಾನದಲ್ಲಿ ಅದಕ್ಕೆ ಮಾತಿರಲಿಲ್ಲ. ವಯಸ್ಕರು ತಿಳಿದೇ ಬಂದಿದ್ದಾರೆ, ಅವರ ಕಷ್ಟಕ್ಕೆ ಸರ್ಕಾರ ಏಕೆ ಹೊಣೆ ಎಂಬ ವಾದವೂ ಇದೆ. ಓದಿ, ಇಲ್ಲೇ ಉಳಿಯಿರಿ ಎಂದು ಸರ್ಕಾರವೇ ಕರೆದ ಮೇಲೆ, ಆ ಮಾತನ್ನು ನಂಬಿ ಅಪ್ಪನ ಜಮೀನಿನ ಮೇಲೆ ಸಾಲ ಎತ್ತಿ ಬಂದವರ ಮುಂದೆ ಈ ವಾದ ನಿಲ್ಲುವುದು ಕಷ್ಟ.

ಇನ್ನೊಂದು ಆಕ್ಷೇಪ ಹೆಚ್ಚು ಮೂಲಭೂತವಾದದ್ದು: ಏನೇ ಮಾಡಿದರೂ ಇವರು ಟೊರಾಂಟೊಗೆ ಹೋಗುವವರೇ, ಹಾಗಿರುವಾಗ ಪ್ರಾಂತ ಹಣ ಸುರಿಯುವುದೇಕೆ? ಕಾಯಂ ನಿವಾಸಿಗಳು ದೇಶದ ಯಾವ ಭಾಗದಲ್ಲಾದರೂ ನೆಲೆಸುವ ಹಕ್ಕನ್ನು ಕೆನಡಾದ ಸಂವಿಧಾನವೇ ಕೊಟ್ಟಿದೆ, ಯಾರನ್ನೂ ಕಟ್ಟಿಹಾಕುವಂತಿಲ್ಲ. ಸ್ಕಾಟ್ಲೆಂಡಿನ ಅನುಭವವನ್ನು ಇಲ್ಲಿ ನೆನೆಯಬಹುದು. ಜನಸಂಖ್ಯೆ ಐವತ್ತು ಲಕ್ಷಕ್ಕಿಂತ ಕೆಳಗಿಳಿದೀತೆಂಬ ಭಯದಲ್ಲಿ ಅಲ್ಲಿನ ಸರ್ಕಾರದ ಮುಖ್ಯಸ್ಥರಾಗಿದ್ದ (ಫಸ್ಟ್ ಮಿನಿಸ್ಟರ್) ಜ್ಯಾಕ್ ಮ್ಯಾಕ್‌ಕಾನಲ್ 2004ರಲ್ಲಿ 'ಫ್ರೆಶ್ ಟ್ಯಾಲೆಂಟ್' ಘೋಷಿಸಿದರು. ಸ್ಕಾಟಿಷ್ ವಿಶ್ವವಿದ್ಯಾಲಯಗಳ ವಿದೇಶಿ ಪದವೀಧರರಿಗೆ ಎರಡು ವರ್ಷ ಉಳಿಯುವ ಅವಕಾಶ 2005ರಲ್ಲಿ ಜಾರಿಯಾಯಿತು. ವಲಸೆಯ ಅಧಿಕಾರ ಲಂಡನ್ನಿನದು. 2008ರಲ್ಲಿ ಅದು ಈ ಸೌಲಭ್ಯವನ್ನು ಇಡೀ ಬ್ರಿಟನ್ನಿಗೆ ಹಬ್ಬಿಸಿತು, ಸ್ಕಾಟ್ಲೆಂಡಿಗೆ ಮಾತ್ರ ಇದ್ದ ಅನುಕೂಲ ಹೋಯಿತು. 2012ರಲ್ಲಿ ಆ ದಾರಿಯನ್ನೇ ಮುಚ್ಚಿತು. ಎಡಿನ್‌ಬರೋದ ಸ್ಕಾಟಿಷ್ ಸರ್ಕಾರ ಪ್ರತಿಭಟಿಸಿತು, ಫಲ ಸಿಗಲಿಲ್ಲ. ನೋವಾ ಸ್ಕೋಷಿಯಾದ ಸ್ಥಿತಿ ಇದಕ್ಕಿಂತ ಮೇಲು, ಏಕೆಂದರೆ ನಾಮಿನಿ ಯೋಜನೆಯ ಮೂಲಕ ಅದಕ್ಕೆ ವಲಸೆಯಲ್ಲಿ ಒಂದಿಷ್ಟು ಪಾಲಿದೆ. ಆದರೆ ಆ ಪಾಲು ಎಷ್ಟೆಂದು ನಿರ್ಧರಿಸುವುದು ಒಟ್ಟಾವಾದ ಕೇಂದ್ರ ಸರ್ಕಾರ.

ಅದರ ಬಿಸಿ 2024ರಲ್ಲಿ ತಟ್ಟಿತು. ದೇಶದಲ್ಲಿ ವಿದ್ಯಾರ್ಥಿ ಪರವಾನಗಿ ಹೊಂದಿದವರು ಹತ್ತು ಲಕ್ಷ ಮೀರಿ, ಮನೆ ಬಾಡಿಗೆಯ ಸಿಟ್ಟು ಮಹಾನಗರಗಳಲ್ಲಿ ಏರಿದಾಗ ಕೇಂದ್ರ ವಲಸೆ ಸಚಿವ ಮಾರ್ಕ್ ಮಿಲ್ಲರ್ ಆ ವರ್ಷದ ಜನವರಿ 22ರಂದು ಹೊಸ ಪರವಾನಗಿಗಳಿಗೆ ಮಿತಿ ಹಾಕಿದರು. ಹಿಂದಿನ ವರ್ಷಕ್ಕಿಂತ ಶೇ 35ರಷ್ಟು ಕಡಿತ. ನೋವಾ ಸ್ಕೋಷಿಯಾದ ಪಾಲಿಗೆ ಬಂದದ್ದು 12,900 ಅರ್ಜಿಗಳು. ಒಂಟಾರಿಯೊದ ಕಾಲೇಜುಗಳ ಅತಿರೇಕಕ್ಕೆ ಅಟ್ಲಾಂಟಿಕ್ ಪ್ರಾಂತಗಳೂ ದಂಡ ತೆರಬೇಕಾಯಿತು ಎಂಬ ದೂರಿನಲ್ಲಿ ಹುರುಳಿದೆ, ಆದರೂ ಸಿಡ್ನಿಯ ಬಾಡಿಗೆ ಕೋಣೆಗಳನ್ನು ನೋಡಿದವರು ಅತಿರೇಕ ಅಲ್ಲಿ ಮಾತ್ರ ಇತ್ತು ಎನ್ನಲಾರರು. ಪ್ರಾಂತವೂ ಆಮೇಲೆ ತನ್ನ ಪಟ್ಟು ಬದಲಿಸಿತು: ಅನುದಾನ ಬೇಕಿದ್ದರೆ ಎಷ್ಟು ವಿದೇಶಿಯರನ್ನು ಸೇರಿಸಿಕೊಳ್ಳುತ್ತೀರಿ, ಅವರು ಎಲ್ಲಿ ವಾಸಿಸುತ್ತಾರೆ, ಓದಿದ್ದು ಇಲ್ಲಿನ ಕೆಲಸಗಳಿಗೆ ಹೊಂದುತ್ತದೆಯೇ ಎಂಬ ಯೋಜನೆಯನ್ನು ಕೊಡಿ ಎಂದು ವಿಶ್ವವಿದ್ಯಾಲಯಗಳಿಗೆ ಷರತ್ತು ಹಾಕಿತು. ಹತ್ತು ವರ್ಷ ಮೊದಲೇ ಕೇಳಬೇಕಿದ್ದ ಪ್ರಶ್ನೆಗಳಿವು. ಅಷ್ಟರಲ್ಲಿ ಉಳಿಯುವ ದಾರಿಯೂ ಕಿರಿದಾಯಿತು. 2024ರಲ್ಲಿ 1,10,000 ಇದ್ದ ದೇಶದ ಒಟ್ಟು ಪ್ರಾಂತೀಯ ನಾಮಿನಿ ಗುರಿಯನ್ನು ಒಟ್ಟಾವಾ 2025ಕ್ಕೆ 55,000ಕ್ಕೆ ಇಳಿಸಿತು. ಎರಡು ವರ್ಷದ ಹಿಂದೆ ಕಾಯಂ ನಿವಾಸದ ಭರವಸೆಯಲ್ಲಿ ಬಂದು ಸೇರಿದವರ ಓದು ಮುಗಿಯುತ್ತಿದ್ದದ್ದು ಅದೇ ಹೊತ್ತಿಗೆ.