ಕೈತಪ್ಪಿದ ಬಾಣಕ್ಕೆ 16 ಹಸು: ಶಾಸನಗಳು ಕೊಲೆಯನ್ನು ತೂಗಿದ ಬಗೆ

ಬೆಳತೂರಿನ ಶಾಸನ ಅಂದ ಕೂಡಲೇ ನಮಗೆಲ್ಲ ನೆನಪಾಗುವುದು ದೇಕಬ್ಬೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಈ 1057ರ ಕಲ್ಲನ್ನು ಸಾಹಿತ್ಯದವರು ಶಾಸನಕಾವ್ಯ ಎಂದು ಓದುತ್ತಾರೆ, ಇತಿಹಾಸದವರು ಸಹಗಮನದ ದಾಖಲೆ ಎಂದು ಉಲ್ಲೇಖಿಸುತ್ತಾರೆ. ಎರಡೂ ಸರಿಯೇ. ಆದರೆ ಪ್ರತಿ ಸಲ ಓದುವಾಗಲೂ ನಾನು ನಿಲ್ಲುವುದು ಇನ್ನೊಂದು ಸಾವಿನ ಹತ್ತಿರ: ಅವಳ ಗಂಡ ಏಚನ ಸಾವು.

ಕಥೆ ಗೊತ್ತಿರುವುದೇ. ದೇಕಬ್ಬೆ ನುಗುನಾಡಿನ ರವಿಗನ ಮಗಳು, ನವಿಲೆನಾಡಿನ ಒಡೆಯ ಏಚನ ಹೆಂಡತಿ. ಏಚ ಮಲ್ಲಯುದ್ಧದಲ್ಲಿ ಬಂಧುವೊಬ್ಬನನ್ನು ಕೊಂದ. ದೊರೆಯ ಅಪ್ಪಣೆಯಂತೆ ಅವನನ್ನು ತಲಕಾಡಿನಲ್ಲಿ ಕೊಲ್ಲಿಸಲಾಯಿತು. ಆಗ ಆ ಸೀಮೆಯೆಲ್ಲ ಚೋಳರ ಕೈಯಲ್ಲಿತ್ತು, ತಲಕಾಡಿಗೆ ರಾಜರಾಜಪುರ ಅನ್ನುವ ಹೆಸರೂ ಬಂದಿತ್ತು. ಸುದ್ದಿ ಕೇಳಿದ ದೇಕಬ್ಬೆ, ಹೆತ್ತವರು ಎಷ್ಟು ತಡೆದರೂ ಕೇಳದೆ ಬೆಂಕಿಗೆ ಬಿದ್ದಳು.

ಕಾವ್ಯದ ಗಮನವೆಲ್ಲ ಅವಳ ನಿರ್ಧಾರದ ಮೇಲಿದೆ. ನನ್ನ ಪ್ರಶ್ನೆ ಅದಕ್ಕೂ ಹಿಂದಿನದು. ಅಖಾಡದಲ್ಲಿ ಆದ ಸಾವಿಗೆ ಮರಣದಂಡನೆ ಯಾಕೆ? ಇವತ್ತಿನ ಕಾನೂನಿನಲ್ಲಾದರೆ ವಾದಕ್ಕೆ ಜಾಗವಿದೆ. ಭಾರತೀಯ ನ್ಯಾಯ ಸಂಹಿತೆಯ 25ನೇ ಕಲಮು (ಹಳೆಯ ದಂಡ ಸಂಹಿತೆಯ 87) ಕತ್ತಿವರಸೆಯ ಉದಾಹರಣೆಯನ್ನೇ ಕೊಡುತ್ತದೆ. ಇಬ್ಬರು ಒಪ್ಪಿ ಆಡುವಾಗ, ಮೋಸವಿಲ್ಲದೆ ಒಬ್ಬನಿಗೆ ಪೆಟ್ಟಾದರೆ ಇನ್ನೊಬ್ಬ ಅಪರಾಧಿಯಲ್ಲ. ಕೊಲ್ಲುವ ಅಥವಾ ತೀವ್ರವಾಗಿ ಗಾಯಗೊಳಿಸುವ ಉದ್ದೇಶ ಇದ್ದರೆ, ಇಲ್ಲವೇ ಹಾಗಾಗುವ ಸಂಭವವಿದೆ ಎಂಬ ಅರಿವಿದ್ದರೆ, ಈ ರಕ್ಷಣೆ ಸಿಗದು.

"ಅದು ಈಗಿನ ಮಾತು, ಆಗ ಉದ್ದೇಶ ಗಿದ್ದೇಶ ಯಾರು ನೋಡ್ತಿದ್ರು?" ಅಂತ ನೀವು ಕೇಳಬಹುದು. ನೋಡುತ್ತಿದ್ದರು. ಏಚ ಸತ್ತ ಕೆಲವು ದಶಕಗಳಿಗೇ ಕಲ್ಯಾಣದಲ್ಲಿ, ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ. ಆ ಸ್ಮೃತಿಯಲ್ಲಿ ಬೈಗುಳಕ್ಕೆ ವಾಕ್ಪಾರುಷ್ಯ, ಹೊಡೆತಕ್ಕೆ ದಂಡಪಾರುಷ್ಯ, ಬಲಾತ್ಕಾರದ ಕೃತ್ಯಗಳಿಗೆ ಸಾಹಸ ಅಂತ ಬೇರೆಬೇರೆ ಪ್ರಕರಣಗಳಿವೆ. ಹೌದು, ಇವತ್ತು ನಾವು ಹೊಗಳಿಕೆಗೆ ಬಳಸುವ 'ಸಾಹಸ' ಅಲ್ಲಿ ಅಪರಾಧದ ಹೆಸರು.

ಹೊಡೆತದ ಮೆಟ್ಟಿಲುಗಳನ್ನು ನೋಡಿ. ಹೊಡೆಯಲು ಕೈ ಎತ್ತಿದರೆ 10 ಪಣ, ಕಾಲೆತ್ತಿದರೆ 20. ಕೋಲು ಮುಂತಾದವುಗಳಿಂದ ನೋಯಿಸಿ ರಕ್ತ ಬರದಿದ್ದರೆ 32, ರಕ್ತ ಕಂಡರೆ ಅದರ ಎರಡರಷ್ಟು, 64. ಕೈ, ಕಾಲು, ಹಲ್ಲು ಮುರಿದರೆ ಮಧ್ಯಮ ಸಾಹಸದ ದಂಡ, ಅಂದರೆ 540 ಪಣ. ಇಷ್ಟೂ ಗಾಯದ ಅಳತೆ ಆಯಿತು. ಮನಸ್ಸಿನ ಅಳತೆಯೂ ಅದೇ ಗ್ರಂಥದಲ್ಲಿದೆ. ಕಟ್ಟಿಗೆ, ಹೆಂಟೆ, ಬಾಣ, ಕಲ್ಲು, ತೋಳು ಇವುಗಳಿಂದ ಹಾನಿಯಾದರೂ, "ಸರಿದು ನಿಲ್ಲಿ" ಎಂದು ಮೊದಲೇ ಕೂಗಿ ಎಚ್ಚರಿಸಿದವನಿಗೆ ದೋಷವಿಲ್ಲ. ಮೂಗುದಾರ ಹರಿದೋ ನೊಗ ಮುರಿದೋ ಗಾಡಿ ಯಾರಿಗಾದರೂ ಬಡಿದರೆ ಒಡೆಯನಿಗೆ ತಪ್ಪಿಲ್ಲ. ಎಚ್ಚರಿಕೆ ವಹಿಸಿದ್ದನೇ, ಅನಾಹುತ ಅವನ ಹತೋಟಿಯಲ್ಲಿತ್ತೇ ಎಂಬ ಪ್ರಶ್ನೆಗಳು ಆಗಲೇ ಇದ್ದವು.

ಗ್ರಂಥದಲ್ಲಿ ಇದ್ದದ್ದು ಊರಲ್ಲಿ ನಡೆಯುತ್ತಿತ್ತೇ? ಇಲ್ಲಿ ನಮಗೆ ನೆರವಾಗುವುದು ಅದೇ ಚೋಳರ ತಮಿಳು ಶಾಸನಗಳು. ಇವುಗಳ ಸಾರಾಂಶ ಶಾಸನ ಇಲಾಖೆಯ ಹಳೆಯ ವರದಿಗಳ ಮೂಲಕ ಇತಿಹಾಸದ ಪುಸ್ತಕಗಳಿಗೂ ಬಂದಿದೆ.

ಈಗಿನ ತಿರುವಣ್ಣಾಮಲೈ ಜಿಲ್ಲೆಯ ಸೀಯಮಂಗಲದಲ್ಲಿ ಪಲ್ಲವ ಮಹೇಂದ್ರವರ್ಮ ಕೊರೆಸಿದ ಗುಹಾಲಯವಿದೆ. ದೇವರ ಹೆಸರು ತೂಣಾಂಡಾರ್, ಕಂಬದೊಡೆಯ. ಅಲ್ಲಿನ ಒಂದು ಶಾಸನದ ಪ್ರಕಾರ ಒಬ್ಬಾತ ತನ್ನದೇ ಊರಿನವನನ್ನು ತಿಳಿಯದೆ ಬಾಣದಿಂದ ಹೊಡೆದು ಕೊಂದ. ನಾಡಿನ ಅಧಿಕಾರಿಯೂ ಜನರೂ ಸೇರಿದರು. ಅಜಾಗರೂಕತೆಯಿಂದ ಆದ ತಪ್ಪಿಗೆ ಇವನು ಸಾಯಬೇಕಾಗಿಲ್ಲ, ದೇವರಿಗೆ ದೀಪ ಉರಿಸಲಿ ಎಂದು ತೀರ್ಮಾನಿಸಿದರು. ಅವನು ತುಪ್ಪಕ್ಕಾಗಿ 16 ಹಸು ಕೊಟ್ಟ.

ಈ ತೀರ್ಮಾನದಲ್ಲಿ ಎರಡು ಹೆಜ್ಜೆಗಳಿವೆ. ಕೊಂದವನು ಸಾಯಬಹುದಿತ್ತು ಅನ್ನುವುದನ್ನು ಸಭೆ ಒಪ್ಪಿದೆ. ಆಮೇಲೆ, ಉದ್ದೇಶ ಇರಲಿಲ್ಲ ಎಂಬ ಕಾರಣಕ್ಕೇ ಶಿಕ್ಷೆಯನ್ನು ಇಳಿಸಿದೆ. ನಮ್ಮ 1860ರ ದಂಡ ಸಂಹಿತೆಗೆ ನಿರ್ಲಕ್ಷ್ಯದ ಸಾವಿನ ಕಲಮು, 304ಎ, ಸೇರಿದ್ದು 1870ರಲ್ಲಿ ಎಂಬುದನ್ನು ನೆನೆದರೆ ಆ ಊರಿನವರ ವಿವೇಕ ಚಿಕ್ಕದೇನಲ್ಲ.

ಹಸುಗಳ ಲೆಕ್ಕವನ್ನೂ ಹಗುರವಾಗಿ ಕಾಣಬೇಡಿ. ತಂಜಾವೂರಿನ ದೊಡ್ಡ ದೇವಾಲಯದಲ್ಲಿ ಒಂದು ನಂದಾದೀಪಕ್ಕೆ 96 ಕುರಿ, ಇಲ್ಲವೇ 48 ಹಸು, ಇಲ್ಲವೇ 16 ಎಮ್ಮೆ ಎಂಬ ಲೆಕ್ಕವಿತ್ತು. ಇಂಥ ಹಿಂಡಿಗೆ ತಮಿಳು ಶಾಸನಗಳು 'ಸಾವಾ ಮೂವಾ' ಎನ್ನುತ್ತವೆ. ಕನ್ನಡದ ಕಿವಿಗೆ ಅರ್ಥ ತಾನೇ ಹೊಳೆಯುತ್ತದೆ: ಸಾಯದ, ಮುಪ್ಪಾಗದ ಹಿಂಡು. ಒಂದು ಸತ್ತರೆ ಹುಟ್ಟಿದ ಕರು ಅದರ ಜಾಗಕ್ಕೆ ಬರಬೇಕು, ಲೆಕ್ಕ ಮಾತ್ರ ಎಂದೂ ಇಳಿಯಬಾರದು.

ಇನ್ನೂ ಕೆಲವು ಪ್ರಕರಣಗಳಿವೆ. ಬೇಟೆಯಲ್ಲಿ ಗುರಿ ತಪ್ಪಿ ಒಬ್ಬ ವೆಳ್ಳಾಳನನ್ನು ಕೊಂದ ಶೂದ್ರನಿಗೆ 79 ನಾಡುಗಳ ಒಕ್ಕಲಿಗರು ಸೇರಿ ವಿಧಿಸಿದ್ದು 64 ಹಸು. ಹೆಂಡತಿಯನ್ನು ತಳ್ಳಿ, ಅವಳು ಬಿದ್ದು ಸತ್ತಾಗ, ನಾಲ್ಕು ದಿಕ್ಕಿನ 1,500 ಮಂದಿ ಗಂಡನನ್ನು ತಪ್ಪಿತಸ್ಥನೆಂದರು. ಅವನಿಗೂ ದೀಪದ ದಂಡವೇ. ತೆರಿಗೆಗಾಗಿ ಒಬ್ಬ ಹೆಣ್ಣುಮಗಳನ್ನು ಪೀಡಿಸಿದ ಅಧಿಕಾರಿಯ ಮೇಲೆ, ಅವಳು ವಿಷ ಕುಡಿದು ಸತ್ತ ಹೊಣೆಯನ್ನು ಹೊರಿಸಿ 32 ಕಾಸು ಕಟ್ಟಿಸಿದರು. ಕೈಯಿಂದ ಮುಟ್ಟದೆಯೂ ಸಾವಿಗೆ ಕಾರಣನಾಗಬಹುದು ಅನ್ನುವ ತಿಳಿವಳಿಕೆ ಇದು. ಆದರೆ ತಿಳಿಯದೆ ಬಿಟ್ಟ ಬಾಣಕ್ಕೂ ಹೆಂಡತಿಯನ್ನು ತಳ್ಳಿದ ಕೈಗೂ ದೀಪವೇ ಉತ್ತರವಾದದ್ದನ್ನು ನಾನು ಮೆಚ್ಚಲಾರೆ. ಒಂದು ಕಡೆ 16, ಇನ್ನೊಂದು ಕಡೆ 64 ಯಾಕೆ ಅನ್ನುವಾಗ ಸತ್ತವನ ಜಾತಿ, ಅವನ ಕಡೆಯವರ ಬಲ ನೆನಪಾಗದೆ ಇರದು.

ಇದಕ್ಕೆ ತದ್ವಿರುದ್ಧ ತುದಿಯಲ್ಲಿದೆ ಕಾಟ್ಟುಮನ್ನಾರ್ ಕೋಯಿಲ್ ಬಳಿಯ ಉಡೈಯಾರ್‌ಗುಡಿ ಶಾಸನ. ಚೋಳ ರಾಜಕುಮಾರ ಆದಿತ್ಯ ಕರಿಕಾಲನ ಕೊಲೆಯ ದ್ರೋಹಿಗಳ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಂಡಾಗ ಅದು ನೆಂಟರಿಷ್ಟರವರೆಗೂ ಹಬ್ಬಿತು. ಸತ್ತವನು ಅರಮನೆಯವನಾದರೆ ಯಾರ ಮನಸ್ಸಿನಲ್ಲಿ ಏನಿತ್ತು ಅನ್ನುವ ತಕ್ಕಡಿಯೇ ಪಕ್ಕಕ್ಕೆ ಸರಿಯಿತು.

ಈಗ ಏಚನಿಗೆ ಬರೋಣ. ಅವನ ಕಾಲಕ್ಕೆ 'ಕೈತಪ್ಪು' ಎಂಬ ವರ್ಗವೇ ಇರಲಿಲ್ಲ ಅನ್ನುವ ಹಾಗಿಲ್ಲ. ಸ್ಮೃತಿಯ ಪಟ್ಟಿಯಲ್ಲಿ ಬಾಣದ ಜೊತೆ ತೋಳೂ ಇದೆ. ಹಾಗಾದರೆ ಎರಡು ದಾರಿ. ಒಂದು, ಅಖಾಡದ ಆ ಸಾವು ಆಕಸ್ಮಿಕವಲ್ಲ, ಹಗೆ ತೀರಿಸಿಕೊಂಡದ್ದು ಎಂದು ದೊರೆಗೆ ಅನ್ನಿಸಿರಬೇಕು. ಇಲ್ಲವೇ, ಅವನನ್ನು ತೂಗಿದ ತಕ್ಕಡಿ ಬೇರೆ. ಸೀಯಮಂಗಲದ ಬಿಲ್ಲುಗಾರನನ್ನು ತೂಗಿದ್ದು ಅವನೂ ಸತ್ತವನೂ ಗೊತ್ತಿದ್ದ, ನಾಳೆಯೂ ಅವನ ಜೊತೆಗೇ ಬಾಳಬೇಕಾದ ಜನ. ಏಚ ಒಂದು ನಾಡಿನ ಒಡೆಯ, ಹೊಸದಾಗಿ ಗೆದ್ದ ಸೀಮೆಯವನು. ಅವನ ತೀರ್ಪು ಬಂದದ್ದು ಅರಸನ ಬಾಯಿಂದ. ನನ್ನ ಒಲವು ಎರಡನೆಯದರ ಕಡೆಗೆ. ಆದರೆ ಇದು ಊಹೆ, ಕಲ್ಲಿನ ಮಾತಲ್ಲ.

ಇನ್ನೊಂದು ಎಚ್ಚರ ಬೇಕು. ಈ ಯಾವ ಕಲ್ಲೂ ನ್ಯಾಯಾಲಯದ ಕಡತವಲ್ಲ. ಸೀಯಮಂಗಲದ ತೀರ್ಪು ಉಳಿದದ್ದು ದೇವಸ್ಥಾನಕ್ಕೆ ಹಸು ಬಂದದ್ದರಿಂದ, ಏಚನ ತೀರ್ಪು ಉಳಿದದ್ದು ದೇಕಬ್ಬೆ ಸತ್ತದ್ದರಿಂದ. ದೇವಸ್ಥಾನಕ್ಕೂ ಸಿಗದ, ಕವಿಗೂ ಸಿಗದ ಸಾವುಗಳು ಎಷ್ಟಿದ್ದವೋ. ದೀಪದ ಹಸುಗಳ ಹಾಲು ದೇವರಿಗಾಯಿತು. ಬಾಣ ತಗಲಿ ಸತ್ತವನ ಮನೆಯವರಿಗೆ ಏನು ಸಿಕ್ಕಿತು ಎಂಬುದಕ್ಕೆ ಈ ಸಾರಾಂಶಗಳಲ್ಲಿ ಒಂದು ಸಾಲೂ ಇಲ್ಲ.

ಹಾಗಾಗಿ ನಿಮ್ಮಲ್ಲೊಂದು ಕೋರಿಕೆ. ನಂದಾದೀಪಕ್ಕೆ ದತ್ತಿ ಬಿಟ್ಟ ಕಲ್ಲು ಸಿಕ್ಕಾಗ "ಇನ್ನೊಂದು ದಾನಶಾಸನ" ಅಂತ ಮುಂದೆ ಹೋಗಬೇಡಿ. ಹಸು ಕೊಟ್ಟವನು ಯಾಕೆ ಕೊಟ್ಟ ಅನ್ನುವ ಸಾಲನ್ನು ಹುಡುಕಿ. ಸಿಕ್ಕರೆ, ಸತ್ತವನ ಹೆಸರನ್ನೂ ಬರೆದುಕೊಳ್ಳಿ.